ಹನ್ನೆರಡು ಬೇರಿಂಗಿನ ಕಾರ್ಣಿಕ

"ಎಷ್ಟು ಬೇರಿಂಗು?"

ಗಾಳದ ರೀಲು ತಗೊಂಡೆ ಅಂತ ಹೇಳಿದ್ರೆ ಮೊದಲು ಬರೋ ಪ್ರಶ್ನೆ ಇದೇ. ಎರಡನೇದು, "ಎಷ್ಟು ಕೇಜಿ ಡ್ರ್ಯಾಗು?" ಮೂರನೇದು, "ಎಷ್ಟು ಕೊಟ್ಟೆ?" ಮೂರಕ್ಕೂ ಉತ್ತರ ಸಿಕ್ಕಿದ ಕೂಡಲೇ ಎದುರಿಗಿದ್ದವರು ತೀರ್ಪು ಕೊಟ್ಟೇ ಬಿಡ್ತಾರೆ. "ಹನ್ನೆರಡು ಬೇರಿಂಗು, ಹನ್ನೆರಡು ಕೇಜಿ, ಹದಿನಾಲ್ಕು ನೂರು ರೂಪಾಯಿ? ಸೂಪರ್ ಗುರೂ!" ಅಥವಾ, "ಹದಿನಾಲ್ಕು ನೂರಾ? ಡಬ್ಬಾ ಬಿಡು."

ನನ್ನ ತಕರಾರು ಇಷ್ಟೇ. ಈ ಮೂರೂ ಪ್ರಶ್ನೆಗೂ ರೀಲು ಬಾಳಿಕೆ ಬರುತ್ತಾ ಇಲ್ವಾ ಅನ್ನೋದಕ್ಕೂ ಸಂಬಂಧ ತೀರಾ ಕಮ್ಮಿ. ಇವನ್ನ ಕೇಳಿ ಕೇಳಿ ಕಂಪನಿಗಳಿಗೆ ನಾವೇ ಒಂದು ಪಾಠ ಕಲಿಸಿಬಿಟ್ಟಿದ್ದೀವಿ: ಒಳಗೆ ಏನಾದ್ರೂ ಇರಲಿ, ಡಬ್ಬದ ಮೇಲೆ ದೊಡ್ಡ ಸಂಖ್ಯೆ ಬರೀರಿ ಅಂತ.

ಮೀನು ಹಿಡಿಯದ ಗೆಳೆಯರಿಗೆ ಒಂದು ಸಣ್ಣ ವಿವರಣೆ. ಕಡಲ ದಂಡೆಯ ಮೇಲೆ ನಿಂತು, ಹನ್ನೆರಡು ಹದಿಮೂರು ಅಡಿಯ ಕೋಲಿನಿಂದ ನೂರು ಗ್ರಾಂ ಆಚೀಚಿನ ಸೀಸದ ಗುಂಡನ್ನ ಅಲೆಗಳಾಚೆ ಎಸೆದು ಕಾಯೋದನ್ನ ಇಂಗ್ಲಿಷಿನಲ್ಲಿ ಸರ್ಫ್ ಕಾಸ್ಟಿಂಗ್ ಅಂತಾರೆ. ನಮ್ಮಲ್ಲಿ ಬೀಸುಬಲೆ ಅನ್ನೋ ಪದ ಆಗಲೇ ಇರೋದ್ರಿಂದ ನಾನು ಇದನ್ನ ಬೀಸುಗಾಳ ಅಂತೀನಿ. ಇದಕ್ಕಿಂತ ಚಂದದ ಪದ ಹೊಳೆದರೆ ತಿಳಿಸಿ, ಖುಷಿಯಿಂದ ಬದಲಾಯಿಸ್ತೀನಿ :-) ದಾರ ಸುತ್ತಿಕೊಳ್ಳೋ ಯಂತ್ರವೇ ರೀಲು. ಪಣಂಬೂರು, ಸುರತ್ಕಲ್, ಕಾಪು, ಮಲ್ಪೆ, ಮರವಂತೆ, ಕಾರವಾರ, ಎಲ್ಲಿ ನಿಂತರೂ ಈ ರೀಲಿಗೆ ಮೂವರು ವೈರಿಗಳು: ಉಪ್ಪು, ಮರಳು, ಮತ್ತೆ ಎಸೆತದ ಜಗ್ಗಾಟ.

ನಾನು ಹಡಗಲಿ ತಾಲೂಕಿನ ಮೈಲಾರದವನು. ನಮ್ಮೂರಿಗೂ ಕಡಲಿಗೂ ನಡುವೆ ಇಡೀ ಪಶ್ಚಿಮ ಘಟ್ಟ ಅಡ್ಡ ಇದೆ. ಆದ್ರೆ ಊರ ಪಕ್ಕದಲ್ಲೇ ತುಂಗಭದ್ರೆ, ಆಚೆ ಹಗರಿಬೊಮ್ಮನಹಳ್ಳಿ ಕಡೆ ಹೋದರೆ ಆಣೆಕಟ್ಟಿನ ಹಿನ್ನೀರು. ಅಷ್ಟಗಲದ ನೀರಿನಲ್ಲಿ ದಡದಿಂದ ದೂರ ಎಸೆಯೋಕೆ ನಮ್ಮ ಕಡೆ ಹುಡುಗರು ತರಿಸಿಕೊಳ್ಳೋದೂ ಇದೇ ಕಡಲ ರೀಲುಗಳನ್ನೇ, ಅದರಲ್ಲೂ ಒಂದೂವರೆ ಸಾವಿರದೊಳಗಿನವು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಾ ರಜೆ ಸಿಕ್ಕಾಗ ಕರಾವಳಿಗೆ ಓಡೋ ನಾನೂ, ಹಿನ್ನೀರಿನ ದಡದಲ್ಲಿ ಕೂರೋ ಅವರೂ ಕೊನೆಗೆ ತೆರೆಯೋದು ಒಂದೇ ಥರದ ಡಬ್ಬ.

ಮೈಲಾರ ಅಂದ ಕೂಡಲೇ ನಿಮಗೆ ನೆನಪಾಗೋದು ಕಾರ್ಣಿಕ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದ ಕೂಡಲೇ ಅಷ್ಟೂ ಜನ ಗಪ್‌ಚುಪ್. ಒಂದೇ ಒಂದು ಸಾಲು ನುಡಿದು ಆತ ಕೆಳಕ್ಕೆ ಬೀಳ್ತಾನೆ. ಆಮೇಲೆ ಶುರು ನೋಡಿ. ರೈತ ಅದರಲ್ಲಿ ಮಳೆ ಕಾಣ್ತಾನೆ, ವ್ಯಾಪಾರಿ ರೇಟು ಕಾಣ್ತಾನೆ, ರಾಜಕಾರಣಿ ಕುರ್ಚಿ ಕಾಣ್ತಾನೆ. ಗೊರವಯ್ಯನನ್ನ ನಾನು ಹಂಗಿಸ್ತಿಲ್ಲ. ಅದು ನಮ್ಮೂರ ದೈವದ ಮಾತು, ಅರ್ಥ ಮಾಡಿಕೊಳ್ಳೋದು ಕೇಳಿದವರ ಪಾಲಿಗೆ ಬಿಟ್ಟದ್ದು. ನನ್ನ ಸಿಟ್ಟು ಇರೋದು ರೀಲಿನ ಡಬ್ಬದ ಮೇಲಿನ ಒಂದು ಸಾಲನ್ನೂ ನಾವು ಅದೇ ಭಕ್ತಿಯಿಂದ ಓದ್ತೀವಲ್ಲ, ಅದರ ಮೇಲೆ. ರೀಲು ದೇವರಲ್ಲ ಸ್ವಾಮಿ. ನಾಲ್ಕು ಸ್ಕ್ರೂ ಬಿಚ್ಚಿದ್ರೆ ಒಳಗೇನಿದೆ ಅಂತ ಕಾಣುತ್ತೆ.

ಹಾಗಾದ್ರೆ ಆ ಸಾಲನ್ನ ಒಂದೊಂದಾಗಿ ಬಿಚ್ಚೋಣ.

ಮೊದಲು ಬೇರಿಂಗು. "12+1" ಅಂತ ಬರೆದಿರುತ್ತೆ. ಸಾಮಾನ್ಯವಾಗಿ ಆ ಕೊನೆಯ 1, ಹ್ಯಾಂಡಲ್ ಹಿಂದಕ್ಕೆ ತಿರುಗದ ಹಾಗೆ ತಡೆಯೋ ಒನ್‌ವೇ ಕ್ಲಚ್ಚು. ಉಳಿದ ಹನ್ನೆರಡರಲ್ಲಿ ನಿಜಕ್ಕೂ ಭಾರ ಹೊರೋವು ಮೂರೋ ನಾಲ್ಕೋ: ದೊಡ್ಡ ಗೇರಿನ ಎರಡು ಬದಿಗೆ, ಪಿನಿಯನ್ನಿಗೆ, ದಾರ ಹಾದುಹೋಗೋ ಲೈನ್ ರೋಲರಿಗೆ. ಮಿಕ್ಕವನ್ನ ಹ್ಯಾಂಡಲ್ಲಿನ ಹಿಡಿಕೆಯಲ್ಲಿ, ಇನ್ನೆಲ್ಲೋ ಸಂದಿಯಲ್ಲಿ ತುರುಕಿ ಲೆಕ್ಕ ತುಂಬಿಸಿರ್ತಾರೆ. ಕಡಲಿನಲ್ಲಿ ಸೀಲಿಲ್ಲದ ಅಗ್ಗದ ಉಕ್ಕಿನ ಬೇರಿಂಗು ಅಂದ್ರೆ ತುಕ್ಕು ಹಿಡಿಯೋಕೆ ಇನ್ನೊಂದು ಜಾಗ, ಅಷ್ಟೇ. ಲೀಟರ್ ಸಮುದ್ರದ ನೀರಿನಲ್ಲಿ ಹೆಚ್ಚುಕಮ್ಮಿ 35 ಗ್ರಾಂ ಉಪ್ಪಿರುತ್ತೆ. ಅಂಥಾ ಕಡೆ ಹನ್ನೆರಡು ಕಳಪೆ ಬೇರಿಂಗಿಗಿಂತ ನಾಲ್ಕು ಒಳ್ಳೇ ಬೇರಿಂಗು, ಉಳಿದ ಕಡೆ ತುಕ್ಕೇ ಹಿಡಿಯದ ನೈಲಾನ್ ಬುಷ್ಷು ಎಷ್ಟೋ ವಾಸಿ. ಆದ್ರೆ "ನಾಲ್ಕು ಬೇರಿಂಗು, ಮಿಕ್ಕಿದ್ದು ನೈಲಾನು" ಅಂತ ಡಬ್ಬದ ಮೇಲೆ ಬರೆದ್ರೆ ನಾವು ಕೊಳ್ತೀವಾ? ಇಲ್ಲ. ಅದಕ್ಕೇ ಅವರು ಬರೆಯಲ್ಲ.

ಎರಡನೇದು ಡ್ರ್ಯಾಗು. ಇದು ರೀಲಿನ ಬ್ರೇಕು. ಮೀನು ಜೋರಾಗಿ ಎಳೆದಾಗ ದಾರ ಹರಿಯೋ ಬದಲು ಸ್ಪೂಲು ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಗಾಳದವರ ಹಳೇ ಲೆಕ್ಕದ ಪ್ರಕಾರ ದಾರದ ಸಾಮರ್ಥ್ಯದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಡಬೇಕು. 9 ಕೇಜಿ ದಾರ ಹಾಕಿದ್ರೆ ಎರಡೂಕಾಲರಿಂದ ಮೂರು ಕೇಜಿ ಆಯ್ತು. ಇನ್ನು ಆ ಹನ್ನೆರಡು ಕೇಜಿ ಏನು ಮಾಡೋಕೆ? ಅಕ್ಕಿಯ 25 ಕೇಜಿ ಚೀಲದ ಅರ್ಧದಷ್ಟು ಭಾರವನ್ನ ಹದಿಮೂರು ಅಡಿ ಕೋಲಿನ ತುದಿಗೆ ಕಟ್ಟಿ ಎತ್ತಿ ನೋಡಿ, ರೀಲಿಗಿಂತ ಮೊದಲು ನಿಮ್ಮ ಸೊಂಟ ಡ್ರ್ಯಾಗ್ ಬಿಡುತ್ತೆ. ಪೂರ್ತಿ ಬಿಗಿ ಮಾಡಿದಾಗ ಎಷ್ಟು ತಡೆಯುತ್ತೆ ಅನ್ನೋದು ಮುಖ್ಯವಲ್ಲ. ಮೂರು ಕೇಜಿಗೆ ಇಟ್ಟಾಗ ಜರ್ಕ್ ಹೊಡೆಯದೆ ಬಿಡುತ್ತಾ ಅನ್ನೋದು ಮುಖ್ಯ. ಅಂಟಿಕೊಂಡು ಕೂತ ವಾಷರು ಮೊದಲ ಕ್ಷಣಕ್ಕೆ ಐದು ಕೇಜಿ ಕೇಳಿ ಆಮೇಲೆ ಮೂರಕ್ಕೆ ಇಳಿದ್ರೆ ದಾರ ಹರಿಯೋದು ಆ ಮೊದಲ ಕ್ಷಣದಲ್ಲೇ. ಈ ಸಂಖ್ಯೆ ಯಾವ ಡಬ್ಬದ ಮೇಲೂ ಇರಲ್ಲ.

ಮೂರನೇದು ಇತ್ತೀಚಿನ ಹೊಸ ಮಂತ್ರ, "ಐಪಿಎಕ್ಸ್ 6". ಇದನ್ನ ನೋಡಿ "ವಾಟರ್‌ಪ್ರೂಫ್, ಸರ್ಫಿಗೆ ಬೆಸ್ಟ್" ಅನ್ನೋರು ಆ ಎಕ್ಸ್ ಯಾಕಿದೆ ಅಂತ ಕೇಳಲ್ಲ. ಐಇಸಿ 60529 ಅನ್ನೋ ಮಾನದಂಡದಲ್ಲಿ ಐಪಿ ಆದಮೇಲಿನ ಮೊದಲ ಅಂಕಿ ಧೂಳು, ಮರಳಿನಂಥ ಘನ ಪದಾರ್ಥದ್ದು, ಎರಡನೇ ಅಂಕಿ ನೀರಿನದು. ಮೊದಲ ಜಾಗದಲ್ಲಿ ಎಕ್ಸ್ ಇದ್ರೆ ಆ ವಿಷಯದಲ್ಲಿ ಏನೂ ಹೇಳ್ತಿಲ್ಲ ಅಂತ ಅರ್ಥ. ಅಂದ್ರೆ ಮರಳಿನ ಬಗ್ಗೆ ಮೌನ! ಬೀಸುಗಾಳದ ರೀಲನ್ನ ಕೊಲ್ಲೋದೇ ಮರಳು. ಕಡಲ ಮರಳಿನ ಕಲ್ಲುಹರಳು ಮೋಸ್ ಗಡಸುತನದಲ್ಲಿ 7, ಹಿತ್ತಾಳೆ ಹೆಚ್ಚುಕಮ್ಮಿ 3, ಅಗ್ಗದ ರೀಲಿನ ಗೇರಿಗೆ ಬಳಸೋ ಸತುವಿನ ಮಿಶ್ರಲೋಹವೂ ಅದರ ಆಸುಪಾಸು. ಗ್ರೀಸಿನ ಜೊತೆ ಸೇರಿದ ಒಂದು ಚಿಟಿಕೆ ಮರಳು ಗೇರಿಗೆ ಸಾಣೆಕಲ್ಲು ಇದ್ದಹಾಗೆ. ಜೊತೆಗೆ ಆ ಪರೀಕ್ಷೆ ಮಾಡೋದು ಸಿಹಿನೀರಲ್ಲಿ, ಉಪ್ಪುನೀರಲ್ಲಲ್ಲ. ಸೀಲು ಬೇಡ ಅಂತಿಲ್ಲ, ಇದ್ರೆ ಒಳ್ಳೇದೇ. ಆದ್ರೆ ಹೇಳದೇ ಇರೋದನ್ನ ಹೇಳಿದೆ ಅಂತ ಓದಬೇಡಿ.

ಇನ್ನು ಬಳಸಿದವರ ಮಾತಿಗೆ ಬರೋಣ. "ನನ್ನ ಫ್ರೆಂಡ್ಸ್ ಐದು ಜನ ಇದೇ ತಗೊಂಡಿದಾರೆ, ಯಾರದ್ದೂ ಕೆಟ್ಟಿಲ್ಲ." ನಮ್ಮ ಆಫೀಸಿನ "ನನ್ನ ಮಷೀನಲ್ಲಿ ವರ್ಕ್ ಆಗ್ತಿದೆಯಲ್ಲ" ಅನ್ನೋ ಮಾತಿನ ಅಣ್ಣ ಇದು. ಐದರಲ್ಲಿ ಒಂದೂ ಕೆಟ್ಟಿಲ್ಲ ಅಂದ್ರೆ ಶೇಕಡಾ 95ರಷ್ಟು ಖಾತ್ರಿಯಿಂದ ಹೇಳಬಹುದಾದದ್ದು ಇಷ್ಟೇ: ಆ ರೀಲು ಕೆಡೋ ಪ್ರಮಾಣ ಶೇಕಡಾ 45ಕ್ಕಿಂತ ಹೆಚ್ಚಿರಲಾರದು. ತಮಾಷೆಯಲ್ಲ, ಒಂದರಿಂದ 0.05ರ ಐದನೇ ಮೂಲವನ್ನ ಕಳೆದು ನೋಡಿ. ಹತ್ತು ಜನ ಆದ್ರೆ ಶೇಕಡಾ 26, ಮೂವತ್ತು ಜನ ಆದ್ರೆ ಸುಮಾರು ಶೇಕಡಾ 10. ಅಂದ್ರೆ ಐದು ಜನರ ಸಾಕ್ಷಿಯಿಂದ, ಎರಡರಲ್ಲೊಂದು ಹತ್ತಿರಹತ್ತಿರ ಕೆಟ್ಟುಹೋಗೋ ರೀಲನ್ನೂ ಬೇರ್ಪಡಿಸೋಕಾಗಲ್ಲ!

ಮತ್ತೆ ಆ ಐದು ಜನ ಎಷ್ಟು ದಿನ ಬಳಸಿದ್ರು? ಒಂದು ಸಂಜೆ ನಾಲ್ಕು ಗಂಟೆ ಹೊತ್ತು, ಹತ್ತು ನಿಮಿಷಕ್ಕೊಂದು ಎಸೆತ ಅಂದ್ರೆ 24 ಎಸೆತ. ಪ್ರತಿ ಸಲ 80 ಮೀಟರ್ ಸುತ್ತಿಕೊಳ್ಳಬೇಕು, ಹ್ಯಾಂಡಲ್ಲಿನ ಒಂದು ಸುತ್ತಿಗೆ 90 ಸೆಂಟಿಮೀಟರ್ ಬರುತ್ತೆ ಅಂದುಕೊಳ್ಳಿ. ಎಸೆತಕ್ಕೆ 89 ಸುತ್ತು, ಸಂಜೆಗೆ 2,136 ಸುತ್ತು. ವರ್ಷಕ್ಕೆ ಇಪ್ಪತ್ತು ಸಂಜೆ ಅಂದ್ರೆ 42,720 ಸುತ್ತು, ಗೇರು 4.6ಕ್ಕೆ 1 ಇದ್ರೆ ರೋಟರು ಸುಮಾರು ಎರಡು ಲಕ್ಷ ಸಲ ತಿರುಗಿರುತ್ತೆ. ಇದೆಲ್ಲ ನೂರು ಗ್ರಾಂ ಸೀಸ ಎಳಕೊಂಡು, ಉಪ್ಪುನೀರು ಕುಡಿದುಕೊಂಡು. ಡಬ್ಬ ಬಂದ ದಿನವೇ ಮನೆಯ ಸೋಫಾ ಮೇಲೆ ಕೂತು ಹತ್ತು ಸಲ ತಿರುಗಿಸಿ "ತುಂಬಾ ಸ್ಮೂತ್" ಅಂತ ಐದು ನಕ್ಷತ್ರ ಕೊಡೋರು ಅಳೀತಿರೋದಾದ್ರೂ ಏನನ್ನ? ಆ ಐದು ನಕ್ಷತ್ರ ನ್ಯಾಯವಾಗಿ ಸೇರಬೇಕಾದ್ದು ಪಾರ್ಸೆಲ್ ತಂದುಕೊಟ್ಟ ಕೊರಿಯರ್ ಹುಡುಗನಿಗೆ.

ಇಷ್ಟು ಓದಿ ಇನ್ನೊಂದು ಪಂಗಡದವರು ಮೀಸೆ ತಿರುವ್ತಿರಬಹುದು. "ನಾವು ಮೊದಲೇ ಹೇಳಿದ್ವಿ, ಹತ್ತು ಸಾವಿರದೊಳಗೆ ಇರೋದೆಲ್ಲ ಗುಜರಿ. ದುಡ್ಡಿಲ್ಲಾಂದ್ರೆ ಈ ಹವ್ಯಾಸ ಯಾಕೆ?" ಅನ್ನೋರು. ನನಗೆ ಮೊದಲನೇ ಪಂಗಡಕ್ಕಿಂತ ಇವರ ಮೇಲೇ ಹೆಚ್ಚು ಸಿಟ್ಟು. ಮೊದಲಿನವರದ್ದು ಭೋಳೆತನ, ಇವರದ್ದು ದರ್ಪ. ಕರಾವಳಿಯ ಅಳಿವೆಗಳಲ್ಲಿ ಕೈಗಾಳ ಹಾಕೋರನ್ನ ಇವರು ನೋಡಿಯೇ ಇಲ್ವಾ? ಖಾಲಿ ಬಾಟಲಿಗೋ ಮರದ ತುಂಡಿಗೋ ದಾರ ಸುತ್ತಿಕೊಂಡು ಬರ್ತಾರೆ. ಬೇರಿಂಗು ಸೊನ್ನೆ, ಗೇರು ಸೊನ್ನೆ, ಕೆಡೋ ಭಾಗ ಸೊನ್ನೆ. ಭರವಸೆಯ ಲೆಕ್ಕದಲ್ಲಿ ಅದನ್ನ ಮೀರಿಸೋ ರೀಲು ಜಗತ್ತಿನಲ್ಲಿಲ್ಲ. ಎಸೆತದ ದೂರ ಕಮ್ಮಿ, ಒಪ್ಪಿದೆ. ಆದ್ರೆ ಭರವಸೆ ಅನ್ನೋದು ಬೆಲೆಯ ಜೊತೆ ತಾನಾಗೇ ಏರಲ್ಲ ಅನ್ನೋದಕ್ಕೆ ಇನ್ನೇನು ಪುರಾವೆ ಬೇಕು?

ಈಗ ನಾವೆಲ್ಲ ಬಳಸೋ ರೀಲಿನ ಹುಟ್ಟನ್ನೇ ನೋಡಿ. ಸ್ಪೂಲು ಅಲ್ಲಾಡದೆ ನಿಂತು ದಾರ ಅದರ ತುದಿಯಿಂದ ಜಾರಿಹೋಗೋ ಈ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ತಗೊಂಡದ್ದು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಇಲ್ಲಿಂಗ್‌ವರ್ತ್ ಅನ್ನೋ ಜವಳಿ ಉದ್ಯಮಿ. ಗಿರಣಿಯಲ್ಲಿ ನೂಲು ಉರುಳೆಯ ತುದಿಯಿಂದ ಜಾರೋದನ್ನ ನೋಡಿ ಹೊಳೆದದ್ದಂತೆ. ನಮ್ಮ ಪಕ್ಕದ ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರಾಗಿತ್ತು. ಅಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇದನ್ನ ತೋರಿಸಿದ್ರೆ ಎರಡು ನಿಮಿಷದಲ್ಲಿ ಅರ್ಥ ಮಾಡಿಕೊಳ್ತಾರೆ. ಇನ್ನು ಶಿಮಾನೊ ಕಂಪನಿ 1921ರಲ್ಲಿ ಜಪಾನಿನ ಸಕಾಯ್ ಊರಲ್ಲಿ ಶುರುವಾದದ್ದು ಸೈಕಲ್ಲಿನ ಫ್ರೀವೀಲ್ ಮಾಡಿಕೊಂಡು. ಒಂದು ಕಡೆ ತಿರುಗು, ಇನ್ನೊಂದು ಕಡೆ ತಿರುಗಬೇಡ, ಫ್ರೀವೀಲಿನ ಕೆಲಸವೂ ಇದೇ, ರೀಲಿನ ಒನ್‌ವೇ ಕ್ಲಚ್ಚಿನ ಕೆಲಸವೂ ಇದೇ. ಸೈಕಲ್ ಶಾಪಿನವನಿಗೆ ಅರ್ಥವಾಗೋ ಯಂತ್ರ ಇದು. ಇದನ್ನ ರಾಕೆಟ್ಟು ಅನ್ನೋ ಹಾಗೆ ಬಿಂಬಿಸಿ, ದುಬಾರಿ ಅಲ್ಲದ್ದೆಲ್ಲ ಗುಜರಿ ಅನ್ನೋದರಲ್ಲಿ ಯಾವ ಎಂಜಿನಿಯರಿಂಗೂ ಇಲ್ಲ.

ಹಾಗಾದ್ರೆ ಅಗ್ಗದ ರೀಲನ್ನ ಅಳೆಯೋದು ಹೇಗೆ? ನನ್ನ ಪ್ರಕಾರ ಪ್ರಶ್ನೆ ಎರಡೇ. ಇದು ಕೆಟ್ಟರೆ ಹೇಗೆ ಕೆಡುತ್ತೆ? ಕೆಟ್ಟ ಮೇಲೆ ಸರಿ ಮಾಡೋಕಾಗುತ್ತಾ?

ಹೇಗೆ ಕೆಡುತ್ತೆ ಅನ್ನೋದು ಯಾಕೆ ಮುಖ್ಯ ಅಂದ್ರೆ ಎಲ್ಲ ಕೇಡೂ ಒಂದೇ ಅಲ್ಲ. ಹ್ಯಾಂಡಲ್ ಗರಗರ ಅಂದ್ರೆ ಕಿರಿಕಿರಿ, ಅಷ್ಟೇ, ಮೀನು ಬರುತ್ತೆ. ಲೈನ್ ರೋಲರು ಹಿಡಿದುಕೊಂಡ್ರೆ ದಾರ ಸವೆಯುತ್ತೆ, ಮುರಿ ಬೀಳುತ್ತೆ. ಆದ್ರೆ ಎಸೆತದ ನಡುವೆ ಬೇಲ್ ತಂತಿ ತಾನಾಗೇ ಮಡಚಿಕೊಂಡ್ರೆ? ಹಾರ್ತಿರೋ ಗುಂಡಿಗೆ ದಾರ ಒಮ್ಮೆಲೇ ಬಿಗಿದು ಪಟ್ ಅಂತ ಹರಿಯುತ್ತೆ, ಸೀಸದ ಗುಂಡು ಎತ್ತ ಬೇಕೋ ಅತ್ತ ಹೋಗುತ್ತೆ. 120 ಗ್ರಾಂ ಗುಂಡು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹೋದ್ರೆ ಅದರ ಶಕ್ತಿ 96 ಜೂಲ್. 160 ಗ್ರಾಂ ಕ್ರಿಕೆಟ್ ಚೆಂಡು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬಂದ್ರೆ ಸುಮಾರು 89 ಜೂಲ್. ಅಂಥ ಚೆಂಡಿಗಿಂತ ಹೆಚ್ಚು, ಅದೂ ಸೀಸದ್ದು, ಜೊತೆಗೆ ಗಾಳ ಬೇರೆ. ಭಾನುವಾರ ಸಂಜೆ ಮಲ್ಪೆಯಲ್ಲೋ ಪಣಂಬೂರಲ್ಲೋ ಮಕ್ಕಳು ಮರಳಲ್ಲಿ ಗೋಪುರ ಕಟ್ತಿರ್ತವೆ, ಯಾರಿಗೂ ಹೆಲ್ಮೆಟ್ಟಿರಲ್ಲ. ಆದ್ದರಿಂದ "ಅಗ್ಗದ್ದು, ಹೋದ್ರೆ ಹೋಯ್ತು" ಅನ್ನೋ ಉಡಾಫೆಯನ್ನ ನಾನು ಒಪ್ಪಲ್ಲ. ಹೋಗೋದು ನಿಮ್ಮ ಹದಿನಾಲ್ಕು ನೂರು ರೂಪಾಯಿ ಮಾತ್ರ ಆಗಿದ್ರೆ ನನಗೇನು ತಕರಾರಿರ್ತಿರಲಿಲ್ಲ.

ಕಣ್ಣಿಗೆ ಕಾಣದ ಸಣ್ಣ ಭಾಗವೇ ಇಡೀ ಯಂತ್ರವನ್ನ ಆಳುತ್ತೆ ಅನ್ನೋದಕ್ಕೆ ನಮ್ಮ ಕಡೆಯವರಿಗೆ ಉದಾಹರಣೆ ಹುಡುಕಬೇಕಿಲ್ಲ. ತುಂಗಭದ್ರಾ ಆಣೆಕಟ್ಟು ಮುಗಿದದ್ದು 1953ರಲ್ಲಿ, ಅದಕ್ಕೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಕಲ್ಲುಗಾರೆ ಗಟ್ಟಿಯಾಗೇ ಇತ್ತು, ಉಳಿದ ಗೇಟುಗಳೂ ಇದ್ದವು, ಹೋದದ್ದು ಒಂದು ಸರಪಳಿ. ಮೈಲಾರದಲ್ಲಿ ಸರಪಳಿ ಹರಿದ್ರೆ ಪವಾಡ ಅಂತೀವಿ. ಹೊಸಪೇಟೆಯಲ್ಲಿ ಹರಿದಾಗ ನಾಲ್ಕಾರು ಜಿಲ್ಲೆಯ ರೈತರು ವಾರಗಟ್ಟಲೆ ನಿದ್ದೆಗೆಟ್ರು. ಆಮೇಲೆ ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನ ಒಂದರ ಮೇಲೊಂದು ಇಳಿಸಿ ನಿಲ್ಲಿಸಿದ್ರಲ್ಲ, ಅದು ಈ ಕಥೆಯ ಇನ್ನೊಂದರ್ಧ. ಯಾವುದು ಯಾವಾಗ ಕೆಡುತ್ತೋ ಹೇಳೋಕಾಗಲ್ಲ, ಕೆಟ್ಟದ್ದಕ್ಕೆ ಬದಲಿ ತಂದು ಕೂರಿಸೋಕೆ ಆಗುತ್ತಾ ಅನ್ನೋದೇ ಉಳಿಸೋದು.

ಅಲ್ಲಿಗೆ ಎರಡನೇ ಪ್ರಶ್ನೆಗೆ ಬಂದೆವು. ನಮ್ಮೂರ ಹುಡುಗನೊಬ್ಬ, ಹೊಲದ ಕೂಲಿ ಸೇರಿಸಿ ಸೇರಿಸಿ ಒಂದು ರೀಲು ತರಿಸಿದ್ದ. ಕಂಪನಿ ಹೆಸರು ಬೇಡ. ಆರನೇ ಸಲ ಹಿನ್ನೀರಿಗೆ ಹೋದಾಗ ಬೇಲ್ ತಂತಿಯ ಸ್ಪ್ರಿಂಗು ಮುರೀತು. ಬಾಲ್‌ಪೆನ್ನಿನ ಸ್ಪ್ರಿಂಗಿನಷ್ಟು ಸಣ್ಣದು, ಹತ್ತು ರೂಪಾಯಿ ಬಾಳಲ್ಲ. ಮಾರಿದವರನ್ನ ಕೇಳಿದ್ರೆ ಬದಲಿ ಕೊಡೋ ಹತ್ತು ದಿನ ಮುಗಿದಿದೆ ಅಂದ್ರು. ಬಿಡಿಭಾಗ ಕೇಳಿದ್ರೆ, "ಸಾರ್, ಬಿಡಿಭಾಗ ಇರಲ್ಲ, ಹೊಸದೇ ತಗೊಳ್ಳಿ, ಆಫರ್ ಇದೆ." ಹತ್ತು ರೂಪಾಯಿ ಸ್ಪ್ರಿಂಗಿಗೆ ಇಡೀ ರೀಲು ತಿಪ್ಪೆ ಸೇರ್ತು. ಹತ್ತು ಸಾವಿರದ ಪಂಗಡದವರು "ಅದಕ್ಕೇ ಹೇಳಿದ್ದು" ಅನ್ನೋ ಮೊದಲು ಒಂದು ಮಾತು: ಸೀಲು ಬಿಚ್ಚೋಕೆ ಸರ್ವಿಸ್ ಸೆಂಟರೇ ಬೇಕು ಅನ್ನೋ ಇಪ್ಪತ್ತು ಸಾವಿರದ ರೀಲು ಹಡಗಲಿಯಲ್ಲಿ ಕೆಟ್ಟರೆ ಅದೂ ಅಷ್ಟೇ ಸತ್ತ ಹಾಗೆ. ಹಡಗಲಿಯಲ್ಲಿ ಸೈಕಲ್ ಶಾಪಿದೆ, ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಅವರಿಂದ ಸರಿಯಾಗೋ ರೀಲೇ ನಮಗೆ ಭರವಸೆಯ ರೀಲು.

ತುಂಗಭದ್ರೆಯ ಹರಗೋಲನ್ನ ನೋಡಿ. ಬಿದಿರ ಹೆಣಿಗೆ, ಮೇಲೊಂದು ಹೊದಿಕೆ, ಡಾಂಬರು. ತೂತು ಬೀಳೋದು ಗ್ಯಾರಂಟಿ. ಆದ್ರೆ ಬಿದ್ದ ತೂತಿಗೆ ದಡದಲ್ಲೇ ತೇಪೆ ಹಾಕಿ ಅವತ್ತೇ ನೀರಿಗಿಳಿಸ್ತಾರೆ. ತೂತೇ ಬೀಳದ ಹರಗೋಲು ಕೊಡಿ ಅಂತ ಯಾವ ಬೆಸ್ತರೂ ಕೇಳಿದ್ದು ನಾನು ನೋಡಿಲ್ಲ.

ದುಡ್ಡಿನ ಲೆಕ್ಕವನ್ನೂ ಅಂದಾಜಿಗೆ ಹಾಕೋಣ. 1,500 ರೂಪಾಯಿಯ ಬಿಚ್ಚಲಾಗದ ರೀಲು 15 ಸಂಜೆಗೆ ಸತ್ತರೆ ಸಂಜೆಗೆ 100 ರೂಪಾಯಿ. 4,500ರ ರೀಲಿಗೆ ಗ್ರೀಸು ಬೇರಿಂಗು ಅಂತ 1,200 ಸೇರಿಸಿ 90 ಸಂಜೆ ಬಂದ್ರೆ ಸಂಜೆಗೆ 63. ಅದೇ 1,500ರದ್ದೇ, ಆದ್ರೆ ಬಿಚ್ಚಿ ಸರಿಮಾಡಬಹುದಾದ ರೀಲಿಗೆ 900 ರೂಪಾಯಿ ಖರ್ಚು ಮಾಡಿ 60 ಸಂಜೆ ತೆಗೆದ್ರೆ ಸಂಜೆಗೆ 40. ಗೆದ್ದದ್ದು ಅಗ್ಗದ್ದೂ ಅಲ್ಲ ದುಬಾರಿಯೂ ಅಲ್ಲ, ರಿಪೇರಿಯಾಗೋದು.

ಅಂಗಡಿಯಲ್ಲೋ, ಪಾರ್ಸೆಲ್ ಬಂದು ಬದಲಿ ಅವಧಿ ಮುಗಿಯೋ ಮೊದಲೋ, ಇಷ್ಟು ಮಾಡಿ ನೋಡಿ. ಹತ್ತು ನಿಮಿಷ ಸಾಕು.

1. ಬೇಲ್ ತೆರೆದಿಟ್ಟು, ರೀಲನ್ನ ಕೋಲಿಗೆ ಸಿಕ್ಕಿಸಿ, ಗುಂಡಿಲ್ಲದೆ ಇಪ್ಪತ್ತು ಸಲ ಎಸೆತದ ಹಾಗೆ ಜೋರಾಗಿ ಬೀಸಿ. ಒಂದೇ ಒಂದು ಸಲ ತಾನಾಗೇ ಮುಚ್ಚಿಕೊಂಡ್ರೂ ವಾಪಸ್ ಕಳಿಸಿ. ಇದರಲ್ಲಿ ರಾಜಿ ಇಲ್ಲ.

2. ಹ್ಯಾಂಡಲನ್ನ ಮೂವತ್ತು ಸಲ ಹಿಂದಕ್ಕೆ ಝಾಡಿಸಿ. ಒಂದು ಸಲವೂ ಜಾರಬಾರದು. ಜಾರೋ ಕ್ಲಚ್ಚು ದೊಡ್ಡ ಮೀನು ಸಿಕ್ಕ ದಿನ ನಿಮ್ಮ ಬೆರಳ ಗೆಣ್ಣಿಗೆ ಹೊಡೆಯುತ್ತೆ.

3. ದಾರದ ತುದಿಗೆ ಲಗೇಜು ತೂಗೋ ಕೊಕ್ಕೆ ತಕ್ಕಡಿ ಸಿಕ್ಕಿಸಿ ಡ್ರ್ಯಾಗನ್ನ ಮೂರು ಕೇಜಿಗೆ ಇಡಿ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಎಳೆಯಿರಿ. ಮೊದಲ ಎಳೆತಕ್ಕೂ ಆಮೇಲಿನದಕ್ಕೂ ಎಷ್ಟು ವ್ಯತ್ಯಾಸ? ಅದೇ ನಿಜವಾದ ಡ್ರ್ಯಾಗ್ ಸಂಖ್ಯೆ.

4. ದಾರವನ್ನ ಬಿಗಿಯಾಗಿ ಎಳೆದಾಗ ಲೈನ್ ರೋಲರು ತಿರುಗಬೇಕು. ಬೆರಳಲ್ಲಿ ತಿರುಗಿಸಿದ್ರೆ ತಿರುಗುತ್ತೆ ಅನ್ನೋದು ಲೆಕ್ಕಕ್ಕಿಲ್ಲ.

5. ಸ್ಪೂಲು ತೆಗೆದು ಅದರ ತುಟಿಯ ಸುತ್ತ ಹತ್ತಿ ಉಜ್ಜಿ. ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಚೂಪಿದೆ, ಪ್ರತಿ ಎಸೆತದಲ್ಲೂ ದಾರ ಕೆರೀತಿರುತ್ತೆ.

6. ಪಕ್ಕದ ಮುಚ್ಚಳದ ಸ್ಕ್ರೂಗಳು ಸಾಮಾನ್ಯ ಸ್ಕ್ರೂಡ್ರೈವರಿಗೆ ಬಿಚ್ಚುತ್ತವಾ? ಒಳಗಿನ ಭಾಗಗಳ ಚಿತ್ರ, ಅದಕ್ಕೆ ನಂಬರು, ಡಬ್ಬದಲ್ಲೋ ಕಂಪನಿಯ ತಾಣದಲ್ಲೋ ಇದೆಯಾ? ಪೆನ್, ಶಿಮಾನೊದಂಥವರು ಇಂಥ ಚಿತ್ರ ಪ್ರಕಟಿಸ್ತಾರೆ. ಚಿತ್ರವೂ ಇಲ್ಲ, ಭಾಗವೂ ಸಿಗಲ್ಲ ಅಂದ್ರೆ ನೀವು ಕೊಳ್ತಿರೋದು ರೀಲಲ್ಲ, ಹದಿನೈದು ಸಂಜೆಯ ಬಾಡಿಗೆ.

ಬೇರಿಂಗಿನ ಅಳತೆಯನ್ನ ಒಳವ್ಯಾಸ, ಹೊರವ್ಯಾಸ, ದಪ್ಪ ಅಂತ ಮೂರು ಅಂಕಿಯಲ್ಲಿ ಬರೆದಿಟ್ಟುಕೊಂಡ್ರೆ ಬೇರಿಂಗ್ ಮಾರೋ ಯಾವ ಅಂಗಡಿಯಲ್ಲಾದ್ರೂ ಕೇಳಬಹುದು. ಕಡಲಿಂದ ಬಂದ ಮೇಲೆ ಡ್ರ್ಯಾಗು ಬಿಗಿ ಮಾಡಿ, ಸಿಹಿನೀರನ್ನ ಮೆಲ್ಲಗೆ ಹನಿಸಿ ತೊಳೆದು, ಡ್ರ್ಯಾಗು ಸಡಿಲಿಸಿ ನೆರಳಲ್ಲಿ ಒಣಗಿಸಿ. ಪೈಪು ಹಿಡಿದು ಜೋರಾಗಿ ಹೊಡೆದ್ರೆ ಹೊರಗಿನ ಉಪ್ಪನ್ನ ನೀವೇ ಒಳಗೆ ಕಳಿಸಿದಂತೆ. ಇಷ್ಟೂ ಮಾಡದೆ "ಅಗ್ಗದ್ದು ಬಾಳಲ್ಲ" ಅನ್ನೋದು ಎಣ್ಣೆಯನ್ನೇ ಕಾಣಿಸದ ಪಂಪ್‌ಸೆಟ್ಟಿಗೆ ಬೈದ ಹಾಗೆ.

ಎಚ್.ಎಸ್. ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿಯ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಗಾಳದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯ್ತು. ನಮ್ಮ ನದಿ, ನಮ್ಮ ಮೀನಿನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬಂದು ಒಂದೂವರೆ ಶತಮಾನ ದಾಟಿದ ಮೇಲೂ, ಕೂಲಿಯಿಂದ ಉಳಿಸಿ ರೀಲು ಕೊಳ್ಳೋ ಹುಡುಗನಿಗೆ ಕನ್ನಡದಲ್ಲಿ ಸಿಗೋದು "ಸೂಪರ್ ಗುರೂ" ಮತ್ತೆ "ಡಬ್ಬಾ ಬಿಡು" ಎರಡೇ. ಇದು ನಾಚಿಕೆಗೇಡು, ಮತ್ತೆ ಇದನ್ನ ಸರಿಮಾಡಬೇಕಾದವರು ಕನ್ನಡದಲ್ಲಿ ಬರೆಯೋ ನಾವೇ.

ಆದ್ದರಿಂದ ಗಾಳದ ಹುಚ್ಚಿರೋ ಗೆಳೆಯರಲ್ಲಿ ಒಂದು ಬೇಡಿಕೆ. ನಕ್ಷತ್ರ ಬೇಡ, ಸೂಪರ್ ಬೇಡ. ನಿಮ್ಮ ರೀಲಿನ ಬಗ್ಗೆ ಒಂದು ಸಾಲು ಬರೀರಿ: ಗಾತ್ರ, ಬೆಲೆ, ಎಷ್ಟು ಸಂಜೆ, ಉಪ್ಪೋ ಸಿಹಿಯೋ, ಏನು ಕೆಟ್ಟಿತು, ಹೇಗೆ ಸರಿಮಾಡಿದ್ರಿ, ಎಷ್ಟಾಯ್ತು. ಇಂಥ ಮೂವತ್ತು ಸಾಲು ಸೇರಿದ್ರೆ ಜಾಹೀರಾತಿನ ಮೂರು ಸಾವಿರ ಪುಟಕ್ಕಿಂತ ಹೆಚ್ಚು ಗೊತ್ತಾಗುತ್ತೆ. ನಂದೇ ಮೊದಲನೇದು:

ಗಾತ್ರ 6000, ಬೆಲೆ 1,650 ರೂಪಾಯಿ. 34 ಸಂಜೆ, ಅದರಲ್ಲಿ 21 ಉಪ್ಪು, 13 ಸಿಹಿ. 12ನೇ ಸಂಜೆಗೆ ಲೈನ್ ರೋಲರಿನ ಬೇರಿಂಗು ತುಕ್ಕು ಹಿಡೀತು, ಕಿತ್ತು ನೈಲಾನ್ ಬುಷ್ ಹಾಕಿದೆ, 15 ರೂಪಾಯಿ. 26ಕ್ಕೆ ಡ್ರ್ಯಾಗಿನ ವಾಷರು ಅಂಟಿತು, ತೊಳೆದು ಗ್ರೀಸು ಹಚ್ಚಿದೆ. ಬೇಲ್ ಇದುವರೆಗೆ ತಾನಾಗೇ ಮುಚ್ಚಿಲ್ಲ. ಗೇರಿನಲ್ಲಿ ಸ್ವಲ್ಪ ಗರಗರ ಶುರುವಾಗಿದೆ, ಮುಂದಿನ ಸಲ ಬಿಚ್ಚಬೇಕು.

ಈಗ ನಿಮ್ಮದು ಹೇಳಿ.